ಮಾರ್ಚ್‌ನ ಮದ್ದು, ಜೂನ್‌ನ ಹೊರೆ: ಘಟ್ಟದ ಲೈನಿನಲ್ಲಿ ಕೆಪಾಸಿಟರ್

ಮಾರ್ಚ್ ತಿಂಗಳ ಮಧ್ಯಾಹ್ನ ಶಿರಸಿ ಸೀಮೆಯ ಯಾವುದಾದರೂ ಅಡಿಕೆ ತೋಟದ ಪಂಪ್ ಮನೆಗೆ ಹೋಗಿ ನೋಡಿ. ಗೋಡೆಗೆ ಬಡಿದ ಹಲಗೆಯ ಮೇಲೆ ಸ್ಟಾರ್ಟರ್, ಅದರ ನೆತ್ತಿಯ ಮೇಲೊಂದು ವೋಲ್ಟ್ ಮೀಟರ್, ಪಕ್ಕದಲ್ಲಿ ಹಲ್ಲಿ ಸಂಸಾರ ಹೂಡಿದ ಫ್ಯೂಸ್ ಪೆಟ್ಟಿಗೆ. ಮೀಟರಿನ ಮುಳ್ಳು 340ರ ಹತ್ತಿರ ನಡುಗುತ್ತಿರುತ್ತದೆ. ಇರಬೇಕಾದದ್ದು 415. ಹಸಿರು ಗುಂಡಿ ಒತ್ತಿದರೆ ಸ್ಟಾರ್ಟರ್ ಟಕ್ಕೆಂದು ಎತ್ತಿಕೊಳ್ಳುತ್ತದೆ, ಮೋಟರು ಒಮ್ಮೆ ಹೂಂಕರಿಸುತ್ತದೆ, ಸ್ಟಾರ್ಟರ್ ಮತ್ತೆ ಕೈಬಿಡುತ್ತದೆ. ಮೂರು ಸಲ ಹೀಗಾದ ಮೇಲೆ ತೋಟದ ಯಜಮಾನರು ಗುಂಡಿ ಮೇಲೇಳದಂತೆ ಅಡಿಕೆ ದಬ್ಬೆಯ ಚೂರೊಂದನ್ನು ಸಿಕ್ಕಿಸಿ ಹೊರಟುಬಿಡುತ್ತಾರೆ. ಮೋಟರನ್ನು ಕಾಯಬೇಕಾದ ರಿಲೇಯ ಬಾಯಿ ಕಟ್ಟಿದಂತಾಯಿತು. ನಮ್ಮ ಮನೆಯ ಪಂಪು ಈ ದಬ್ಬೆಯ ವೈದ್ಯದಿಂದ ಎರಡು ಸಲ ವೈಂಡಿಂಗ್ ಅಂಗಡಿ ಕಂಡುಬಂದಿದೆ.

ವೋಲ್ಟೇಜ್ ಇಲ್ಲ ಎಂಬ ದೂರಿಗೆ ಈಗ ಸಿಗುವ ಸಿದ್ಧ ಉತ್ತರವೊಂದಿದೆ: ಲೈನಿಗೆ ಕೆಪಾಸಿಟರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ. ಗ್ರಾಹಕರ ಸಭೆಯಲ್ಲಿ ಎದ್ದು ನಿಂತವರೂ ಇದನ್ನೇ ಕೇಳುತ್ತಾರೆ, ಎದುರು ಕುಳಿತವರೂ ಇದಕ್ಕೇ ತಲೆಯಾಡಿಸುತ್ತಾರೆ. ಮಾತು ಸುಳ್ಳಲ್ಲ, ಅರ್ಧ ಮಾತು. ಕೆಪಾಸಿಟರ್ ಎಂಬುದು ಕಂಬಕ್ಕೆ ಕಟ್ಟಿ ಮರೆತುಬಿಡುವ ಸಾಮಾನಲ್ಲ. ಹಾಲು ಕರೆಯುವ ಎಮ್ಮೆಯ ಹಾಗೆ ಅದಕ್ಕೂ ನೋಡಿಕೊಳ್ಳುವವರು ಬೇಕು. ಬೇಸಿಗೆಯಲ್ಲಿ ನೀರಿಗಾಗಿ ಬಾಯಿಬಿಡುವ, ಮಳೆಗಾಲದಲ್ಲಿ ಒಂದೇ ಒಂದು ಪಂಪು ಓಡದ ನಮ್ಮ ಜಿಲ್ಲೆಯಲ್ಲಿ ಈ ನೋಡಿಕೊಳ್ಳುವ ಕೆಲಸವೇ ಮುಖ್ಯ, ಪೆಟ್ಟಿಗೆ ಆಮೇಲಿನದು.

ನಮ್ಮವರ ಹಳೆಯ ಸಂಕಟವೊಂದನ್ನು ಮೊದಲು ಬದಿಗಿಡುತ್ತೇನೆ. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣು ಘಟಕಗಳಿವೆ. ಕಾಳಿಗೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ವಿದ್ಯುದಾಗಾರಗಳು. ಶರಾವತಿ ಕಡಲಿಗಿಳಿಯುವ ಮುನ್ನ ಗೇರುಸೊಪ್ಪೆಯಲ್ಲಿ ಇನ್ನೊಂದು 240 ಮೆಗಾವಾಟ್. ಊರು, ಗದ್ದೆ, ಕಾಡು ಕೊಟ್ಟವರ ಮನೆಯಲ್ಲಿ ಬಲ್ಬು ಮಿಣುಕುತ್ತದೆ, ದೀಪದ ಬುಡದಲ್ಲೇ ಕತ್ತಲು ಎನ್ನುತ್ತೇವೆ. ನ್ಯಾಯದ ಮಾತಾಗಿ ಇದು ಸರಿ. ತಾಂತ್ರಿಕವಾಗಿ ಮಾತ್ರ, ಅಣುಸ್ಥಾವರದ ಪಕ್ಕದಲ್ಲೇ ಮನೆಯಿದ್ದರೂ ತೋಟದ ಮೋಟರಿಗೆ ವೋಲ್ಟೇಜ್ ಸಿಗುವ ಖಾತರಿಯಿಲ್ಲ. ಸ್ಥಾವರದಿಂದ ಹೊರಟ ವಿದ್ಯುತ್ತು ದಪ್ಪ ತಂತಿಯಲ್ಲಿ, ಭಾರಿ ಒತ್ತಡದಲ್ಲಿ ದೂರ ಹೋಗುತ್ತದೆ. ನಮ್ಮ ಕೇರಿಗೆ ಬರುವುದು ಸಬ್‌ಸ್ಟೇಷನ್ನಿನಿಂದ ಹೊರಟ 11 ಕೆವಿ ಫೀಡರ್, ಎಂದರೆ ಹನ್ನೊಂದು ಸಾವಿರ ವೋಲ್ಟಿನ ಲೈನು, ಬೆಟ್ಟ ಹತ್ತಿ, ಹಳ್ಳ ದಾಟಿ, ಮರಗಳ ನಡುವೆ ನುಸುಳಿ ಹದಿನೈದು ಇಪ್ಪತ್ತು ಕಿಲೋಮೀಟರ್ ಬಂದ ಮೇಲೆ ಉಳಿದದ್ದು. ದಾರಿಯಲ್ಲಿ ಎಷ್ಟು ಸೋರಿತು ಎಂಬುದೇ ಪ್ರಶ್ನೆ.

ಸೋರುವುದೇಕೆ ಎಂದು ತಿಳಿಯಲು ತದಡಿಯ ದೋಣಿಕಟ್ಟೆಗೆ ಹೋಗೋಣ. ತದಡಿಯಿಂದ ಅಘನಾಶಿನಿ ಊರಿಗೆ ಜನ ದೋಣಿಯಲ್ಲಿ ದಾಟುತ್ತಾರೆ. ದೋಣಿಯಲ್ಲಿ ಎರಡು ಬಗೆಯವರಿದ್ದಾರೆ ಎಂದುಕೊಳ್ಳಿ. ಕೆಲವರು ಆಚೆ ದಡಕ್ಕೆ ಹೋಗಿ ಇಳಿದು ಕೆಲಸ ಮಾಡುತ್ತಾರೆ. ಇನ್ನು ಕೆಲವರು ದೋಣಿ ನಡೆಸುವವರು: ಇಳಿಯುವುದಿಲ್ಲ, ಹೋದಷ್ಟೇ ಸಲ ಮರಳಿ ಬರುತ್ತಾರೆ, ಆದರೆ ಅವರಿಲ್ಲದೆ ದೋಣಿ ಕದಲುವುದಿಲ್ಲ. ಮೋಟರಿನ ಹೊಟ್ಟೆಯಲ್ಲಿ ಅಯಸ್ಕಾಂತ ಹುಟ್ಟಿಸಲು ಬೇಕಾದ ವಿದ್ಯುತ್ತು ಈ ಎರಡನೆಯ ಬಗೆಯದು. ನೀರೆತ್ತುವ ಕೆಲಸ ಅದು ಮಾಡುವುದಿಲ್ಲ. ಸೆಕೆಂಡಿಗೆ ನೂರು ಸಲ ಮೋಟರಿಗೂ ಲೈನಿಗೂ ನಡುವೆ ಓಡಾಡಿಕೊಂಡಿರುತ್ತದೆ. ಎಂಜಿನಿಯರರು ರಿಯಾಕ್ಟಿವ್ ಪವರ್ ಎನ್ನುವುದು ಇದನ್ನೇ. ಓಡಾಡುವಾಗ ತಂತಿಯಲ್ಲಿ ಜಾಗ ಹಿಡಿಯುತ್ತದೆ, ತಂತಿ ಬಿಸಿಯಾಗುತ್ತದೆ, ವೋಲ್ಟೇಜ್ ಇಳಿಯುತ್ತದೆ. ಕೆಪಾಸಿಟರ್ ಮಾಡುವ ಉಪಕಾರ ಇಷ್ಟೇ: ಈ ಓಡಾಟವನ್ನು ಇಪ್ಪತ್ತು ಕಿಲೋಮೀಟರ್ ಬದಲು ಎರಡು ಮಾರಿನೊಳಗೆ ಮುಗಿಸುತ್ತದೆ. ಮೋಟರು ಬಿಟ್ಟದ್ದನ್ನು ತಾನು ಹಿಡಿದಿಟ್ಟುಕೊಂಡು, ಮೋಟರು ಕೇಳಿದಾಗ ಕೊಡುತ್ತದೆ.

ಲೆಕ್ಕ ಹಾಕಿ ನೋಡೋಣ. ಐದು ಎಚ್‌ಪಿ ಪಂಪು ಪೂರ್ತಿ ಹೊರೆಯಲ್ಲಿ ಎಳೆಯುವುದು ಸುಮಾರು 4.5 ಕಿಲೋವಾಟ್. ಅದರ ಪವರ್ ಫ್ಯಾಕ್ಟರ್, ಎಂದರೆ ತಂತಿ ಹೊತ್ತ ಹೊರೆಯಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು, 0.75 ಎಂದಿಟ್ಟುಕೊಂಡರೆ ತಂತಿಯ ಮೇಲೆ ಬೀಳುವ ಹೊರೆ 6 ಕೆವಿಎ, ಕರೆಂಟು ಸುಮಾರು 8.3 ಆಂಪಿಯರ್. ಆ ಗಾತ್ರದ ಪಂಪಿಗೆ ವಾಡಿಕೆಯಂತೆ ಹಾಕುವ 2 ಕೆವಿಎಆರ್ (ರಿಯಾಕ್ಟಿವ್ ಪವರಿನ ಅಳತೆ) ಕೆಪಾಸಿಟರನ್ನು ಜೋಡಿಸಿದರೆ ಹೊರೆ 4.9 ಕೆವಿಎಗೂ ಕರೆಂಟು 6.8 ಆಂಪಿಯರ್‌ಗೂ ಇಳಿಯುತ್ತದೆ. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತಿರುವುದರಿಂದ ಅದು ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ. ಇದನ್ನೇ ಟಿಸಿಯ, ಎಂದರೆ ಊರಿನ ಟ್ರಾನ್ಸ್‌ಫಾರ್ಮರಿನ, ಕಡೆಯಿಂದ ನೋಡಿ. 63 ಕೆವಿಎ ಟಿಸಿ ಕೆಪಾಸಿಟರ್ ಇಲ್ಲದ ಇಂಥ ಹತ್ತು ಪಂಪುಗಳಿಗೆ ಏದುಸಿರು ಬಿಡುತ್ತದೆ. ಕೆಪಾಸಿಟರ್ ಇದ್ದರೆ ಹನ್ನೆರಡನ್ನು ಎಳೆಯುತ್ತದೆ. ಹೊಸ ಟಿಸಿಗೆ ಅರ್ಜಿ ಕೊಟ್ಟು ಚಪ್ಪಲಿ ಸವೆಸುವವರಿಗೆ ಈ ಎರಡು ಪಂಪುಗಳ ಬೆಲೆ ಗೊತ್ತಿರುತ್ತದೆ.

ಇಷ್ಟು ಅಗ್ಗದ, ಇಷ್ಟು ಸರಳವಾದ ಮದ್ದು ಇರುವಾಗ ಎಲ್ಲ ಪಂಪ್ ಮನೆಗಳಲ್ಲೂ ಅದು ಯಾಕಿಲ್ಲ? ಹೊಸ ಸಂಪರ್ಕ ಕೊಡುವಾಗ ಕೆಪಾಸಿಟರ್ ಇರಬೇಕೆಂಬ ನಿಬಂಧನೆ ಇದ್ದೇ ಇದೆ. ಪರಿಶೀಲನೆಯ ದಿನ ಅದು ಗೋಡೆಯ ಮೇಲೆ ಇರುತ್ತದೆ ಕೂಡ. ಎರಡು ಮಳೆಗಾಲ ಕಳೆಯುವುದರಲ್ಲಿ ಸತ್ತಿರುತ್ತದೆ, ಅಥವಾ ತಂತಿ ಕಳಚಿ ಮೂಲೆ ಸೇರಿರುತ್ತದೆ. ಕೆಪಾಸಿಟರ್ ಸತ್ತರೂ ಮೋಟರು ಓಡುವುದರಿಂದ ಯಾರಿಗೂ ತಿಳಿಯುವುದಿಲ್ಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ ಉಚಿತ, ಹಾಗಾಗಿ ಬಿಲ್ಲಿನಲ್ಲಿ ಏರುಪೇರು ಕಾಣುವ ಪ್ರಶ್ನೆಯೂ ಇಲ್ಲ. ನನ್ನ ಕೆಪಾಸಿಟರಿನಿಂದ ಆಗುವ ಲಾಭ ನನ್ನ ಮೀಟರಿಗಲ್ಲ, ಟಿಸಿಗೆ, ಲೈನಿಗೆ, ಪಕ್ಕದ ತೋಟದವರಿಗೆ. ಅವರದರ ಲಾಭ ನನಗೆ. ಕೆರೆಯ ಹೂಳೆತ್ತುವ ಕೆಲಸದ ಹಾಗೆ, ಒಬ್ಬರೇ ಬುಟ್ಟಿ ಹೊತ್ತರೆ ನೀರು ಏರುವುದಿಲ್ಲ. ಎಲ್ಲರೂ ಹೊರುವವರೆಗೆ ಒಬ್ಬರೂ ಹೊರುವುದಿಲ್ಲ.

ಇನ್ನೊಂದು ತೊಡಕು ಹೆಸರಿನದು. ನಮ್ಮ ಕಡೆ ಕಂಡೆನ್ಸರ್ ಎಂದರೆ ಬೇರೆಯೇ ಅರ್ಥ. ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಉಳಿದ ಫೇಸ್‌ಗಳಿಂದಲೇ ಮೂರು ಫೇಸಿನ ಮೋಟರನ್ನು ಹೇಗೋ ತಿರುಗಿಸಲು ಕಟ್ಟಿಕೊಳ್ಳುವ ಪೆಟ್ಟಿಗೆ ಅದು. ಒಳಗಿರುವ ವಸ್ತು ಒಂದೇ: ಎರಡು ಲೋಹದ ಹಾಳೆ, ನಡುವೆ ತೆಳುವಾದ ಫಿಲ್ಮ್. ಕೆಲಸ ಮಾತ್ರ ತದ್ವಿರುದ್ಧ. ಒಂದು ಲೈನಿನ ಹೊರೆ ಇಳಿಸುತ್ತದೆ. ಇನ್ನೊಂದು ಫೇಸ್‌ಗಳ ಸಮತೋಲ ಕೆಡಿಸಿ, ಮೋಟರು ಕಾಯಿಸಿ, ಮನೆಗಳ ದೀಪ ಮಂಕಾಗಿಸುತ್ತದೆ. ಎರಡನ್ನೂ ಒಂದೇ ಅಂಗಡಿಯಲ್ಲಿ, ಹೆಚ್ಚುಕಡಿಮೆ ಒಂದೇ ಹೆಸರಿನಲ್ಲಿ ಮಾರುವುದರಿಂದ ಒಳ್ಳೆಯದಕ್ಕೂ ಕೆಟ್ಟ ಹೆಸರು ಬಂದಿದೆ. ಕೆಪಾಸಿಟರ್ ಹಾಕಿ ಎಂದು ಸಲಹೆ ಕೊಟ್ಟರೆ, ಅದು ಕಳ್ಳಕೆಲಸವಲ್ಲವೇ ಎಂದು ಪಿಸುದನಿಯಲ್ಲಿ ಕೇಳಿದವರನ್ನು ನಾನೇ ಕಂಡಿದ್ದೇನೆ.

ಪಂಪ್ ಮನೆಗಳನ್ನು ನಂಬಿ ಕೂರಲಾಗದು ಎಂಬ ಕಾರಣಕ್ಕೇ ಕಂಬದ ಮೇಲಿನ ಬ್ಯಾಂಕು, ಎಂದರೆ ಕೆಪಾಸಿಟರುಗಳ ಗುಂಪು, ಬರುತ್ತದೆ. 11 ಕೆವಿ ಲೈನಿನ ನಡುವೆ ಜೋಡಿ ಕಂಬ ನಿಲ್ಲಿಸಿ, ಪಿಂಗಾಣಿಯ ಕೊಂಬುಗಳಿರುವ ತಗಡಿನ ಡಬ್ಬಗಳನ್ನು ಸಾಲಾಗಿ ಕೂರಿಸುತ್ತಾರೆ. ಎಲ್ಲಿ ಕೂರಿಸಬೇಕು ಎಂಬುದಕ್ಕೆ ಹಳೆಯ ಸೂತ್ರವೊಂದಿದೆ: ಫೀಡರಿನ ರಿಯಾಕ್ಟಿವ್ ಹೊರೆಯ ಮೂರನೇ ಎರಡರಷ್ಟು ಕೆಪಾಸಿಟರ್, ಫೀಡರಿನ ಮೂರನೇ ಎರಡರಷ್ಟು ದೂರದಲ್ಲಿ. ಹೊರೆ ಉದ್ದಕ್ಕೂ ಒಂದೇ ಸಮನೆ ಹರಡಿದ್ದರೆ ಈ ಲೆಕ್ಕ ಸರಿಯಾಗಿ ಕೂಡುತ್ತದೆ. ಬಯಲುಸೀಮೆಯಲ್ಲಿ ಹೊಲದ ಅಂಚಿಗೊಂದು ಬೋರ್‌ವೆಲ್ ಇರುವಲ್ಲಿ ಇರಬಹುದು. ನಮ್ಮ ಲೈನು ಐದು ಕಿಲೋಮೀಟರ್ ಕಾಡಿನಲ್ಲಿ ಏನೂ ಕೆಲಸವಿಲ್ಲದೆ ಬಂದು, ಕಣಿವೆಯೊಂದರಲ್ಲಿ ಏಕಾಏಕಿ ನಲವತ್ತು ಪಂಪುಗಳಿಗೆ ಹಂಚಿಹೋಗುತ್ತದೆ. ಇಲ್ಲಿ ಸೂತ್ರಕ್ಕಿಂತ ಆ ಊರಿನ ಲೈನ್‌ಮ್ಯಾನ್ ಕಾಲಿನ ಅನುಭವ ದೊಡ್ಡದು. ಯಾವ ಕೇರಿಯಲ್ಲಿ ಮೊದಲು ಮೋಟರು ನಿಲ್ಲುತ್ತದೆ ಎಂದು ಅವರನ್ನು ಕೇಳಿದರೆ ಜಾಗ ಅಲ್ಲೇ ಸಿಗುತ್ತದೆ.

ಸರಿಯಾದ ಜಾಗದಲ್ಲೇ ಕೂರಿಸಿದರೂ ಅದು ಎಷ್ಟು ಎತ್ತೀತು? ವೀಸಲ್ ಎಂದು ಕರೆಯುವ ತೆಳ್ಳನೆಯ ತಂತಿ ಇಪ್ಪತ್ತು ಕಿಲೋಮೀಟರ್ ಹೋಗಿ, ತುದಿಯಲ್ಲಿ ಒಂದು ಮೆಗಾವಾಟ್ ಹೊರೆ 0.8 ಪವರ್ ಫ್ಯಾಕ್ಟರಿನಲ್ಲಿದೆ ಎಂದುಕೊಳ್ಳಿ. ಈ ತಂತಿಯ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 0.9 ಓಮ್, ಹಿಂದೆ ಮುಂದೆ ಆಗುವ ಕರೆಂಟಿಗೆ ತಂತಿಯ ಅಯಸ್ಕಾಂತ ಒಡ್ಡುವ ತಡೆಯಾದ ರಿಯಾಕ್ಟೆನ್ಸ್ ಅದರ ಅರ್ಧಕ್ಕಿಂತ ಕಡಿಮೆ. ತುದಿಯಲ್ಲಿ ವೋಲ್ಟೇಜ್ ಶೇ. 20ರ ಆಸುಪಾಸು ಕುಸಿಯುತ್ತದೆ. ಕೆಪಾಸಿಟರ್ ಇಟ್ಟು ರಿಯಾಕ್ಟಿವ್ ಓಡಾಟವನ್ನು ಪೂರ್ತಿ ನಿಲ್ಲಿಸಿದಿರಿ ಎಂದೇ ಇಟ್ಟುಕೊಳ್ಳಿ. ಆಗಲೂ ಶೇ. 15ರಷ್ಟು ಕುಸಿತ ಹಾಗೆಯೇ ಉಳಿಯುತ್ತದೆ. ಅದು ನಿಜವಾದ ಕೆಲಸದ ಕರೆಂಟು ತೆಳ್ಳನೆಯ ತಂತಿಯಲ್ಲಿ ಹರಿಯುವುದರ ಫಲ. ಅದಕ್ಕೆ ಮದ್ದು ದಪ್ಪ ತಂತಿ, ಇಲ್ಲವೇ ಹತ್ತಿರದಲ್ಲೊಂದು ಸಬ್‌ಸ್ಟೇಷನ್. ಬ್ಯಾಂಕು ಕಟ್ಟಿಸಿ ಆ ದೊಡ್ಡ ಖರ್ಚನ್ನು ಮುಂದಕ್ಕೆ ತಳ್ಳುವುದಿದೆಯಲ್ಲ, ಅದು ಬಿದ್ದ ಮಾಡಿಗೆ ಸುಣ್ಣ ಬಳಿಯುವ ಕೆಲಸ.

ಇದರ ಮೇಲೆ ಕೆಪಾಸಿಟರಿಗೇ ಒಂದು ಹುಟ್ಟುಗುಣವಿದೆ. ಅದು ಕೊಡುವ ನೆರವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 415ಕ್ಕೆಂದು ಮಾಡಿದ್ದು 340ಕ್ಕೆ ಬಂದಾಗ ತನ್ನ ಶಕ್ತಿಯ ಮೂರನೇ ಎರಡರಷ್ಟನ್ನೇ ಕೊಡುತ್ತದೆ. ಬೇಕೇಬೇಕು ಎಂಬ ಹೊತ್ತಿನಲ್ಲಿ ಕೈ ಹಿಡಿತ ಮಾಡುತ್ತದೆ, ಬೇಡವಾದಾಗ ಧಾರಾಳವಾಗಿ ಸುರಿಯುತ್ತದೆ.

ಬೇಡವಾದಾಗ ಎಂದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೊಂದು ತಾರೀಕೇ ಇದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಬೋಟುಗಳು ದಡ ಸೇರಿದರೆ ಕಾರವಾರ, ತದಡಿ, ಹೊನ್ನಾವರ, ಭಟ್ಕಳದ ಐಸ್ ಪ್ಲಾಂಟುಗಳ ಕಂಪ್ರೆಸರುಗಳಿಗೂ ರಜೆ. ಅದೇ ವಾರದ ಆಸುಪಾಸಿನಲ್ಲಿ ಮುಂಗಾರು ಹತ್ತಿ, ಡಿಸೆಂಬರಿನಿಂದ ನೀರು ಹೊಡೆಯುತ್ತಿದ್ದ ಘಟ್ಟದ ಮೇಲಿನ ತೋಟದ ಪಂಪುಗಳೂ ಒಂದೊಂದಾಗಿ ಬಾಯಿ ಮುಚ್ಚುತ್ತವೆ. ಮೇಲೂ ಕೆಳಗೂ ಒಟ್ಟಿಗೇ ಮೋಟರಿನ ಹೊರೆ ಮಾಯ. ಕಂಬದ ಮೇಲಿನ ಡಬ್ಬ ಮಾತ್ರ ಮಳೆಯಲ್ಲಿ ನೆನೆಯುತ್ತ, ಯಾರೂ ಕೇಳದ ರಿಯಾಕ್ಟಿವ್ ಪವರನ್ನು ಲೈನಿಗೆ ತಳ್ಳುತ್ತಲೇ ಇರುತ್ತದೆ. ಇಪ್ಪತ್ತು ಕಿಲೋಮೀಟರ್ ತುದಿಯಲ್ಲಿ ಕೂತ 600 ಕೆವಿಎಆರ್ ಬ್ಯಾಂಕು ಅಲ್ಲಿಯ ವೋಲ್ಟೇಜನ್ನು ಶೇ. 4ರಷ್ಟು ಮೇಲೆತ್ತಬಲ್ಲದು. ಮಾರ್ಚಿನಲ್ಲಿ ಅದು ಕೃಪೆ. ಜುಲೈ ತಿಂಗಳ ನಡುರಾತ್ರಿ ಲೈನು ಖಾಲಿಯಿರುವಾಗ, ಸಬ್‌ಸ್ಟೇಷನ್ನಿನಲ್ಲಿ ವೋಲ್ಟೇಜ್ ಮೊದಲೇ ಮೇಲಿರುವಾಗ, ಅದೇ ಶೇ. 4 ಸೇರಿ ಮನೆಯ 230 ವೋಲ್ಟಿನ ಮಿತಿ ಮೀರುತ್ತದೆ. ಮಳೆಗಾಲದಲ್ಲಿ ಬಲ್ಬು, ಟಿವಿ, ಇನ್ವರ್ಟರ್ ಹೋದರೆ ಸಿಡಿಲಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಎಲ್ಲ ಪಾಪವೂ ಸಿಡಿಲಿನದಲ್ಲ.

ಮಳೆಗಾಲದ ಇನ್ನೊಂದು ಅಪಾಯ ಮರ ಬಿದ್ದಾಗ ಬರುವಂಥದು. ಮೂರರಲ್ಲಿ ಒಂದು ತಂತಿ ಮಾತ್ರ ಕಡಿದು, ಆ ಕಡೆ ಒಂದೆರಡು ಖಾಲಿ ಟಿಸಿಗಳೂ ಒಂದು ಕೆಪಾಸಿಟರ್ ಬ್ಯಾಂಕೂ ಉಳಿದರೆ, ಕಡಿದ ಫೇಸ್ ಸಾಯುವ ಬದಲು ಹುಚ್ಚೆದ್ದು ಇರಬೇಕಾದ್ದಕ್ಕಿಂತ ಹೆಚ್ಚಿನ ವೋಲ್ಟೇಜಿಗೆ ಏರಬಹುದು. ಕೆಪಾಸಿಟರೂ ಟಿಸಿಯ ಕಬ್ಬಿಣದ ತಿರುಳೂ ಒಂದಕ್ಕೊಂದು ತಾಳ ಹಾಕಿದಾಗ ಆಗುವ ಇದಕ್ಕೆ ಫೆರೋರೆಸೊನೆನ್ಸ್ ಎಂದು ಹೆಸರು. ಮರ ಕಡಿಯಲು ಕತ್ತಿ ಹಿಡಿದು ಓಡಿಬರುವ ಊರವರು ಹೆಸರು ತಿಳಿಯಬೇಕಿಲ್ಲ. ತುಂಡಾದ ತಂತಿ ಸತ್ತಿದೆ ಎಂದು ನಂಬದಿದ್ದರೆ ಸಾಕು.

ಇಲ್ಲಿಗೆ ನನ್ನ ಮುಖ್ಯ ಆತಂಕಕ್ಕೆ ಬಂದೆ: ಕಂಬ ಹತ್ತುವವರ ಜೀವ.

ಕರಾವಳಿಯ ಒಂದು ಊರಿನಲ್ಲಿ, ಯಾವುದೆಂದು ಹೇಳುವ ಅಗತ್ಯವಿಲ್ಲ, ಬ್ಯಾಂಕಿನ ಡ್ರಾಪೌಟ್ ಫ್ಯೂಸುಗಳನ್ನು ಕೋಲಿನಿಂದ ಕೆಳಗೆಳೆದು ಹುಡುಗನೊಬ್ಬ ಏಣಿಗೆ ಕಾಲಿಟ್ಟದ್ದನ್ನು ನೋಡಿದೆ. ಗುತ್ತಿಗೆಯ ಕೆಲಸದವನು, ಇಪ್ಪತ್ತೆರಡು ಇಪ್ಪತ್ಮೂರು ವರ್ಷವಿರಬಹುದು. ಕೈಯಲ್ಲಿ ಬೀಪ್ ಎನ್ನುವ ಟೆಸ್ಟರ್ ಇತ್ತು. ಮೇಲೆ ಚಾಚಿದ, ಅದು ಕೂಗಲಿಲ್ಲ.

"ತಮ್ಮಾ, ಸ್ವಲ್ಪ ತಡಿ" ಎಂದೆ.

"ಲೈನ್ ಕ್ಲಿಯರ್ ಆಗಿದೆ ಅಣ್ಣ. ಟೆಸ್ಟರ್ ಕೂಗಲಿಲ್ಲ ನೋಡಿ" ಎಂದ.

ಅವನ ತಪ್ಪಿಲ್ಲ. ಯಾರೂ ಅವನಿಗೆ ಹೇಳಿರಲಿಲ್ಲ. ಹತ್ತಿರ ಹಿಡಿದರೆ ಕೂಗುವ ಆ ಟೆಸ್ಟರ್ ಗ್ರಹಿಸುವುದು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಗುವ ವಿದ್ಯುತ್ತನ್ನು. ಲೈನಿನಿಂದ ಕಳಚಿದ ಕೆಪಾಸಿಟರಿನೊಳಗೆ ಉಳಿಯುವುದು ಅದಲ್ಲ. ಬ್ಯಾಟರಿಯಲ್ಲಿರುವಂತೆ ಅಲುಗಾಡದೆ ಕುಳಿತ ವಿದ್ಯುತ್ತು. ಟೆಸ್ಟರಿಗೆ ಅದು ಕಾಣುವುದೇ ಇಲ್ಲ. 11 ಕೆವಿ ಲೈನಿನಲ್ಲಿ ಒಂದೊಂದು ಫೇಸ್‌ನಲ್ಲೂ ಹೀಗೆ ಸಿಕ್ಕಿಬೀಳುವ ವೋಲ್ಟೇಜ್ 9,000ದವರೆಗೆ ಇರಬಹುದು. 600 ಕೆವಿಎಆರ್ ಬ್ಯಾಂಕಿನ ಒಂದು ಫೇಸ್‌ನಲ್ಲಿ ಕೂಡಿಟ್ಟ ಶಕ್ತಿ ಸುಮಾರು 640 ಜೂಲ್. ಆಸ್ಪತ್ರೆಯಲ್ಲಿ ತಾಳ ತಪ್ಪಿ ಅದುರುವ ಹೃದಯಕ್ಕೆ ಆಘಾತ ಕೊಡುವ ಯಂತ್ರದ ಗರಿಷ್ಠ ಪ್ರಮಾಣವೇ 360 ಜೂಲ್.

ಡಬ್ಬದ ಒಳಗೆ ಈ ವಿದ್ಯುತ್ತನ್ನು ಮೆಲ್ಲಗೆ ಸೋರಿಸುವ ರೆಸಿಸ್ಟರ್ ಇರುತ್ತದೆ ನಿಜ. ಎಚ್‌ಟಿ, ಎಂದರೆ ಹೆಚ್ಚು ವೋಲ್ಟೇಜಿನ, ಕೆಪಾಸಿಟರುಗಳಿಗೆ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಹತ್ತು ನಿಮಿಷದಲ್ಲಿ 75 ವೋಲ್ಟಿಗಿಂತ ಕೆಳಗಿಳಿಯಬೇಕು ಎಂದು. ಆ ವೇಗಕ್ಕೆ ಸರಿಯಾಗಿ ಮಾಡಿದ ರೆಸಿಸ್ಟರ್ ಇದ್ದರೆ ನಡುವೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. 9,000 ವೋಲ್ಟ್ ಒಂದು ನಿಮಿಷಕ್ಕೆ ಐದೂವರೆ ಸಾವಿರವಾಗುತ್ತದೆ. ಎರಡು ನಿಮಿಷಕ್ಕೆ ಸುಮಾರು 3,450. ಐದು ನಿಮಿಷ ಕಾದರೂ ಎಂಟುನೂರು ಉಳಿದಿರುತ್ತದೆ. ಅವಸರದಲ್ಲಿರುವವರಿಗೆ ಐದು ನಿಮಿಷವೆಂದರೆ ಯುಗ. ಕೆಳಗೆ ಐಸ್ ಪ್ಲಾಂಟಿನವರ ಫೋನು, ಮೇಲೆ ಜೂನಿಯರ್ ಎಂಜಿನಿಯರರ ಫೋನು. ಇದೆಲ್ಲ ರೆಸಿಸ್ಟರ್ ಜೀವಂತ ಇದ್ದರೆ ಎಂಬ ಲೆಕ್ಕ. ಅದು ಡಬ್ಬದೊಳಗಿರುತ್ತದೆ. ಕಡಲ ಉಪ್ಪುಗಾಳಿಯಲ್ಲಿ ತಗಡು ತೂತಾಗಿ, ನೀರಿಳಿದು, ಒಳಗೆ ಅದು ಸತ್ತಿದ್ದರೆ ಹೊರಗಿನಿಂದ ಹೇಳಲಾಗದು.

ಹಾಗಾದರೆ ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ ಎಂದು ಹಿರಿಯ ಲೈನ್‌ಮ್ಯಾನ್‌ಗಳೇ ಕೇಳುವುದುಂಟು. ಉತ್ತರ ಸ್ವಾರಸ್ಯವಾಗಿದೆ. ಸಬ್‌ಸ್ಟೇಷನ್ನಿನಿಂದ ಇಡೀ ಫೀಡರನ್ನೇ ತೆಗೆದಾಗ ಬ್ಯಾಂಕು ಲೈನಿಗೆ ಅಂಟಿಕೊಂಡೇ ಇರುತ್ತದೆ, ಅದೇ ಲೈನಿನಲ್ಲಿ ಟಿಸಿಗಳೂ ಇರುತ್ತವೆ. ಕೆಪಾಸಿಟರಿನ ವಿದ್ಯುತ್ತು ಟಿಸಿಗಳ ವೈಂಡಿಂಗ್ ಮೂಲಕ ಹರಿದು ಬೇಗ ಬರಿದಾಗುತ್ತದೆ. ನೂರು ಸಲ ಕಂಬ ಹತ್ತಿದವರಿಗೆ ನೂರು ಸಲವೂ ಏನೂ ಆಗದಿರುವುದು ಈ ಕಾರಣಕ್ಕೆ. ಆ ಧೈರ್ಯವನ್ನೇ ಹೊತ್ತು ನೂರಾ ಒಂದನೇ ಸಲ ಬ್ಯಾಂಕಿನ ಫ್ಯೂಸನ್ನು ಮಾತ್ರ ಕೆಳಗೆಳೆದು ಹತ್ತುತ್ತಾರೆ. ಆಗ ವಿದ್ಯುತ್ತಿಗೆ ಹೊರಹೋಗಲು ದಾರಿಯೇ ಇಲ್ಲ. ಕೈ ಸಿಕ್ಕಿದರೆ ಕೈಯೇ ದಾರಿ.

ಮಾಡಬೇಕಾದದ್ದು ಕಷ್ಟದ್ದಲ್ಲ. ಕರೆಂಟು ತೆಗೆದು, ಫ್ಯೂಸು ಇಳಿಸಿದ ಮೇಲೆ ಗಡಿಯಾರ ನೋಡಿ ಹತ್ತು ನಿಮಿಷ ಕೆಳಗೇ ನಿಲ್ಲುವುದು. ಆಮೇಲೆ ಅರ್ಥಿಂಗ್ ರಾಡಿನ ತಂತಿಯನ್ನು ಮೊದಲು ನೆಲದ ಅರ್ಥಿಗೆ ಬಿಗಿಯುವುದು, ನಂತರವೇ ಕೋಲಿನ ತುದಿಯನ್ನು ಒಂದೊಂದೇ ಕೊಂಬಿಗೆ ಮುಟ್ಟಿಸುವುದು. ಈ ಕ್ರಮ ತಿರುಗುಮುರುಗಾದರೆ ಕೋಲಿನ ತಂತಿ ಹಿಡಿದವರೇ ಅರ್ಥ್ ಆಗುತ್ತಾರೆ. ಮೂರು ಫೇಸ್ ಮುಗಿಸಿ ಸುಮ್ಮನಾಗಬಾರದು. ಕಂಬದ ಬ್ಯಾಂಕುಗಳಲ್ಲಿ ಮೂರೂ ಡಬ್ಬಗಳು ಸೇರುವ ನಡುಬಿಂದುವನ್ನು ಸಾಮಾನ್ಯವಾಗಿ ನೆಲಕ್ಕೆ ಜೋಡಿಸಿರುವುದಿಲ್ಲ, ಅಲ್ಲೂ ವಿದ್ಯುತ್ತು ಕೂತಿರಬಹುದು. ಒಮ್ಮೆ ಕಿಡಿ ಹಾರಿಸಿ ರಾಡು ತೆಗೆದುಬಿಟ್ಟರೂ ಆಗದು. ಫಿಲ್ಮಿನ ಒಳಗೆ ಇಂಗಿದ ವಿದ್ಯುತ್ತು ನಿಧಾನವಾಗಿ ಮತ್ತೆ ಮೇಲೆ ಬರುತ್ತದೆ, ಹಿಂಡಿದ ಸ್ಪಂಜು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಒದ್ದೆಯೆನಿಸುವ ಹಾಗೆ. ಆದ್ದರಿಂದ ಕೆಲಸ ಮುಗಿಯುವವರೆಗೂ ಕೊಂಬುಗಳನ್ನು ತಂತಿಯಿಂದ ಒಂದಕ್ಕೊಂದು ಕಟ್ಟಿಯೇ ಇಡಬೇಕು. ಕಳಚಿ ಇಳಿಸಿ ಗೋದಾಮಿಗೆ ಒಯ್ದ ಡಬ್ಬಕ್ಕೂ ಆ ಕಟ್ಟು ಇರಬೇಕು. ಹೊಟ್ಟೆ ಉಬ್ಬಿದ ಡಬ್ಬವನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಬೇಕು. ಒಳಗೆ ಸಾಲುಗಳಲ್ಲಿ ಕೆಲವು ಕಡಿದು, ಹೊರಗಿನ ಕೊಂಬು ಖಾಲಿಯೆಂದು ತೋರಿದರೂ ಒಳಗೆ ತುಂಬಿರಬಹುದು.

ಮರಳಿ ಜೋಡಿಸುವಾಗಲೂ ಅವಸರ ಸಲ್ಲದು. ವಿದ್ಯುತ್ತು ಉಳಿದಿರುವ ಬ್ಯಾಂಕನ್ನು ಎದುರು ದಿಕ್ಕಿನ ಕ್ಷಣದಲ್ಲಿ ಲೈನಿಗೆ ಕೊಟ್ಟರೆ ಎರಡೂ ಡಿಕ್ಕಿ ಹೊಡೆದು ಫ್ಯೂಸು ಸಿಡಿಯುತ್ತದೆ, ಡಬ್ಬವೂ ಸಿಡಿದೀತು.

ಹಳೆಯ ಡಬ್ಬಗಳ ಎಣ್ಣೆಯ ಬಗ್ಗೆ ಒಂದು ಮಾತು. ಹಿಂದಿನ ಕಾಲದ ಕೆಲವು ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ತುಂಬುತ್ತಿದ್ದರು. ಭಾರತದಲ್ಲಿ ಇದರ ತಯಾರಿಕೆ, ಆಮದುಗಳನ್ನು 2016ರ ಆದೇಶ ನಿಷೇಧಿಸಿತು. ಬಳಕೆ ನಿಲ್ಲಿಸಲು ಕೊಟ್ಟಿದ್ದ ಗಡುವು 2025ರ ಡಿಸೆಂಬರ್ 31. ಗುಜರಿಗೆ ಹೋದ ಡಬ್ಬವನ್ನು ತಗಡಿನಾಸೆಗೆ ಒಡೆದು ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲುವುದು ನಮ್ಮಲ್ಲಿ ನಡೆಯಲಾರದ ಸಂಗತಿಯೇನಲ್ಲ. ಆ ಹಳ್ಳ ಕೊನೆಗೆ ಸೇರುವುದು ಅಘನಾಶಿನಿಯನ್ನೋ ಗಂಗಾವಳಿಯನ್ನೋ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಕ್ಷ ಯಾವುದು? ಮೊದಲ ರೂಪಾಯಿ ಪಂಪ್ ಮನೆಗೆ ಹೋಗಬೇಕು. ಸ್ಟಾರ್ಟರಿನಿಂದ ಮೋಟರಿನ ಕಡೆಗೆ ಜೋಡಿಸಿದ ಕೆಪಾಸಿಟರ್ ಮೋಟರಿನ ಜೊತೆಗೇ ಎದ್ದು, ಜೊತೆಗೇ ಮಲಗುತ್ತದೆ. ಜೂನ್ 1ನ್ನು ಅದಕ್ಕೆ ಯಾರೂ ನೆನಪಿಸಬೇಕಿಲ್ಲ, ಯಾರೂ ಕಂಬ ಹತ್ತಬೇಕಿಲ್ಲ. ಕಂಬದ ಬ್ಯಾಂಕು ವರ್ಷವಿಡೀ ಇರುವ ಕನಿಷ್ಠ ಹೊರೆಗೆ ತಕ್ಕಷ್ಟಿದ್ದರೆ ಸಾಕು. ಅದಕ್ಕಿಂತ ಹೆಚ್ಚಿನದು ಸಬ್‌ಸ್ಟೇಷನ್ನಿನಲ್ಲಿ, ವೋಲ್ಟೇಜ್ ನೋಡಿ ತಾನೇ ಸೇರುವ ತಾನೇ ಬಿಡುವ ವ್ಯವಸ್ಥೆಯೊಂದಿಗೆ ಇರಲಿ. ಐಸ್ ಪ್ಲಾಂಟಿನವರು ಈ ವಿಷಯದಲ್ಲಿ ನಮಗಿಂತ ಜಾಣರು, ಪವರ್ ಫ್ಯಾಕ್ಟರ್ ಕುಸಿದರೆ ಬಿಲ್ಲಿನಲ್ಲಿ ದಂಡ ಬೀಳುತ್ತದೆ, ಅದಕ್ಕೇ ಜಾಣರು. ಅವರಲ್ಲಿ ಚಾವಣಿಗೆ ಸೌರ ಫಲಕ ಹಾಕಿಸಿಕೊಂಡವರಿಗೆ ಈಚೆಗೆ ಹೊಸ ತಲೆನೋವು. ಲೈನಿನಿಂದ ತರುವ ಕಿಲೋವಾಟ್ ಇಳಿಯಿತು, ಕೆವಿಎಆರ್ ಅಷ್ಟೇ ಉಳಿಯಿತು, ಮೀಟರಿನ ಕಣ್ಣಿಗೆ ಪವರ್ ಫ್ಯಾಕ್ಟರ್ ಇನ್ನೂ ಕೆಟ್ಟಂತೆ ಕಾಣತೊಡಗಿತು.

ನಮ್ಮ ಟಿಸಿಯ ಹನ್ನೆರಡು ತೋಟದವರು ಹೋದ ವರ್ಷ ಕೂತು ಮಾತಾಡಿದೆವು. ಒಂಬತ್ತು ಜನ ಕೆಪಾಸಿಟರ್ ತಂದರು. ಇಬ್ಬರು ನೋಡೋಣ ಎಂದರು. ಒಬ್ಬರು ತಮ್ಮ ಮೋಟರು ಎರಡು ಹಂತದಲ್ಲಿ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನದು, ತಿಳಿದವರು ಬಂದು ಜೋಡಿಸಲಿ ಎಂದರು, ಅದು ಸರಿಯಾದ ಮಾತು. ಎಲೆಕ್ಟ್ರಿಷಿಯನ್ ಜೋಡಿಸಿ ಹೊರಟಾಗ ರಿಲೇಯ ತಿರುಪು ಹಳೆಯ ಎಂಟು ಆಂಪಿಯರ್ ಮೇಲೇ ಇತ್ತು. ರಿಲೇಯ ಮೂಲಕ ಹರಿಯುವ ಕರೆಂಟು ಇಳಿದಿದೆ, ತಿರುಪನ್ನೂ ಇಳಿಸಬೇಕಲ್ಲ ಎಂದು ಕರೆದು ಕೂರಿಸಬೇಕಾಯಿತು. ಮುಳ್ಳು ಸುಮಾರು ಹತ್ತು ವೋಲ್ಟ್ ಮೇಲೇರಿತು, ಅಷ್ಟೇ. ತಂತಿ ಅದೇ ತೆಳ್ಳನೆಯದು. ಆದರೂ ದಬ್ಬೆಯ ಚೂರು ಈ ವರ್ಷ ಬಹುಪಾಲು ಪಂಪ್ ಮನೆಗಳಲ್ಲಿ ಕಿಟಕಿಯ ಮೇಲೇ ಉಳಿಯಿತು.

ಮೊನ್ನೆ ಪಕ್ಕದ ತೋಟದ ಮಾವ ತಮ್ಮ ಡಬ್ಬದ ತಂತಿ ಸಡಿಲಾಗಿದೆಯೆಂದು ಬಿಚ್ಚಲು ಹೊರಟಿದ್ದರು. ಪಂಪು ಆಗಷ್ಟೇ ನಿಲ್ಲಿಸಿದ್ದು. ಮೇನ್ ಸ್ವಿಚ್ ತೆಗೆದು ಎಷ್ಟು ಹೊತ್ತು ಕಾಯಲಿ ಎಂದು ಕೇಳಿದರು. ಎಲ್‌ಟಿ, ಎಂದರೆ ಕಡಿಮೆ ವೋಲ್ಟೇಜಿನ, ಡಬ್ಬಕ್ಕೆ ಮೂರು ನಿಮಿಷವೆಂದು ಪುಸ್ತಕ ಹೇಳುತ್ತದೆ. ಗಡಿಯಾರ ಮನೆಯಲ್ಲಿತ್ತು.

"ಒಂದು ಕವಳ ಹಾಕಿ ಮುಗಿಸಿ ಮಾವ, ಆಮೇಲೆ ಮುಟ್ಟಿ" ಎಂದೆ. ಅವರು ಪಂಪ್ ಮನೆಯ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆಯ ಸಂಚಿ ಬಿಚ್ಚಿದರು.